ಅರೋಚಕವೂ ಅನೊರೆಕ್ಸಿಯಾ ವ್ಯಾಧಿಯೂ

ಕೊಳ್ಳೇಗಾಲ ಸೀಮೆಯ ಕುಂತೂರು ಮೊದಲಾದ ಗ್ರಾಮಗಳಲ್ಲಿ ಪ್ರಾಯಕ್ಕೆ ಬಂದ ಹುಡುಗಿಯು ಊಟವನ್ನು ಬಿಟ್ಟು ಕೃಶಳಾಗತೊಡಗಿದರೆ, ದೃಷ್ಟಿದೋಷವನ್ನೋ ಮಲೆಯ ಮಹದೇಶ್ವರನಿಗೆ ಹೊತ್ತ ಹರಕೆಯ ಲೋಪವನ್ನೋ ಹಿರಿಯರು ಶಂಕಿಸುವುದುಂಟು. ವಿದ್ಯಾವಂತರಾದರೋ ಇದು ಆಯುರ್ವೇದದ ಅರೋಚಕವೇ ಎಂದೂ, ಪಾಶ್ಚಾತ್ಯರ ಅನೊರೆಕ್ಸಿಯಾ ನರ್ವೋಸಾ ಎಂಬುದು ಅದರ ನಾಮಾಂತರವೆಂದೂ ಹೇಳುವರು. ಈ ಎರಡನೆಯ ಮಾತು ವಿಚಾರಾರ್ಹವಾದುದು. ರೋಗದ ಹೆಸರು ತಪ್ಪಿದಲ್ಲಿ ಚಿಕಿತ್ಸೆಯೂ ತಪ್ಪುವುದಷ್ಟೆ.

ಶೋಕ, ಭಯ, ಕ್ರೋಧಗಳಿಂದಲೂ ಅರೋಚಕವುಂಟಾಗುವುದೆಂದು ಚರಕಸಂಹಿತೆಯು ಹೇಳುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಇಂತಹ ರೋಗಿಗೆ ಔಷಧಕ್ಕಿಂತ ಸಾಂತ್ವನವೇ ವಿಹಿತವಾಗಿದೆ: ಬಯಸಿದುದರಲ್ಲಿ ಶಕ್ಯವಾದುದನ್ನು ಒದಗಿಸಬೇಕು, ಕಳೆದುಹೋದುದಕ್ಕೆ ಪುರಾಣಕಥೆಗಳಿಂದ ಸಮಾಧಾನಗೊಳಿಸಬೇಕು. ಮಾಧವನಿದಾನಕ್ಕೆ ವಿಜಯರಕ್ಷಿತನು ರಚಿಸಿದ ಮಧುಕೋಶವ್ಯಾಖ್ಯೆಯಲ್ಲಿ ಪೂರ್ವಾಚಾರ್ಯರ ಒಂದು ಸೂಕ್ಷ್ಮ ವಿಭಾಗವು ಉದ್ಧೃತವಾಗಿದೆ. ಬಾಯಲ್ಲಿಟ್ಟ ಅನ್ನವು ರುಚಿಸದಿರುವುದು ಅರೋಚಕ. ಅನ್ನವನ್ನು ನೆನೆದರೆ, ಕಂಡರೆ, ಅದರ ಮಾತನ್ನು ಕೇಳಿದರೆ ಹಗೆಯುಂಟಾಗುವುದು ಭಕ್ತದ್ವೇಷ. ಕೋಪಭಯಾದಿಗಳಿಂದ ಅನ್ನದಲ್ಲಿ ಶ್ರದ್ಧೆಯೇ ಇಲ್ಲದಿರುವುದು ಅಭಕ್ತಚ್ಛಂದ. ಈ ಮೂರು ಲಕ್ಷಣಗಳಲ್ಲಿಯೂ ಸ್ಥೂಲತೆಯ ಭಯವು ಹೇಳಲ್ಪಟ್ಟಿಲ್ಲ.

ಇಂಗ್ಲೆಂಡಿನ ರಿಚರ್ಡ್ ಮಾರ್ಟನ್ ಎಂಬ ವೈದ್ಯನು 1689 ರ ತನ್ನ ಕ್ಷಯರೋಗಗ್ರಂಥದಲ್ಲಿ, ಜ್ವರವಾಗಲಿ ಕೆಮ್ಮಾಗಲಿ ಇಲ್ಲದೆ ಅಸ್ಥಿಮಾತ್ರಳಾಗಿ ಮೃತಳಾದ ತರುಣಿಯೊಬ್ಬಳ ವೃತ್ತಾಂತವನ್ನು ಬರೆದನು. 1873 ರಲ್ಲಿ ಪ್ಯಾರಿಸಿನ ಲಾಸೇಗ್, ಲಂಡನ್ನಿನ ವಿಲಿಯಂ ಗಲ್ ಇಬ್ಬರೂ ಬೇರೆಬೇರೆಯಾಗಿ ಈ ವ್ಯಾಧಿಯನ್ನು ನಿರೂಪಿಸಿದರು. ಇಂದು ರೂಢಿಯಲ್ಲಿರುವ ಹೆಸರು ಗಲ್ಲನು ಕೊಟ್ಟುದು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಹಸಿವಿಲ್ಲದಿರುವಿಕೆ ಎಂದರ್ಥ. ಹೆಸರು ಅನ್ವರ್ಥವಲ್ಲ. ಬಹುಮಂದಿ ರೋಗಿಗಳಿಗೆ ಹಸಿವುಂಟು. ದಪ್ಪವಾಗುವೆವೆಂಬ ಭಯದಿಂದ ಅದನ್ನು ಅಡಗಿಸುವರು. ಮುಟ್ಟು ನಿಲ್ಲುವುದೂ ಉಂಟು, ಪ್ರಾಣವೇ ಹೋಗುವುದೂ ಉಂಟು. ಆದಕಾರಣ ಇದನ್ನು ಅರೋಚಕವೆಂದು ಅನುವಾದಿಸುವುದು ಯುಕ್ತವಲ್ಲ. ಪ್ರಾಚೀನರು ಸಕಲವನ್ನೂ ಬಲ್ಲವರಾಗಿದ್ದರೆಂಬ ಅಭಿಮಾನವು ಇಲ್ಲಿ ಶಾಸ್ತ್ರಕ್ಕೇ ಅಪಚಾರವಾಗುತ್ತದೆ.

ಆದರೆ ನಮ್ಮ ದೇಶದ ರೋಗಿಗಳ ವಿಷಯವು ಇನ್ನೊಂದು ಬಗೆಯಾಗಿದೆ. 1995 ರಲ್ಲಿ ದೆಹಲಿಯ ವೈದ್ಯರು ಪ್ರಕಟಿಸಿದ ಐವರು ತರುಣಿಯರ ವೃತ್ತಾಂತದಲ್ಲಿ ಅನ್ನನಿರಾಕರಣೆ, ವಾಂತಿ, ಕಾರ್ಶ್ಯಗಳಿದ್ದವು. ತಮ್ಮ ದೇಹಾಕಾರವನ್ನು ಕುರಿತ ಭ್ರಾಂತಿಯು ಇರಲಿಲ್ಲ. ಕರ್ಣಾಟಕದಲ್ಲಿ ಮಾನಸಿಕ ರೋಗಗಳ ಚಿಕಿತ್ಸೆಗೆ ಪ್ರಧಾನಕ್ಷೇತ್ರವಾದುದು ಬೆಂಗಳೂರು. ಅಲ್ಲಿಯ ಮಾನಸಿಕ ಆಸ್ಪತ್ರೆಯೂ, 1954 ರಲ್ಲಿ ಅದರ ಜೊತೆಗೆ ಏರ್ಪಟ್ಟ ಅಖಿಲ ಭಾರತ ಸಂಸ್ಥೆಯೂ 1974 ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. (ಕೊಳ್ಳೇಗಾಲವು 1956 ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ಆ ಸೀಮೆಯವರಿಗೆ ಬೆಂಗಳೂರು ಪರಪ್ರಾಂತವಾಗಿದ್ದಿತು.) 2012 ರಲ್ಲಿ ಪ್ರಕಟವಾದ ಒಂದು ವಿಚಾರಣೆಯಲ್ಲಿ ಬೆಂಗಳೂರಿನ ಮನೋವೈದ್ಯರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲಿನವರು ಆಹಾರಸಂಬಂಧವಾದ ಇಂತಹ ವ್ಯಾಧಿಯನ್ನು ಒಮ್ಮೆಯಾದರೂ ಕಂಡಿದ್ದುದಾಗಿ ತಿಳಿಸಿದರು. ಮರುವರ್ಷ ಅಮೆರಿಕದ ಮನೋವೈದ್ಯಸಂಘವು ತನ್ನ ರೋಗವರ್ಗೀಕರಣದಲ್ಲಿ, ದೇಹಾಕಾರದ ಚಿಂತೆಯಿಲ್ಲದೆಯೇ ಆಹಾರವನ್ನು ವರ್ಜಿಸುವ ರೋಗಕ್ಕೆ ಪ್ರತ್ಯೇಕಸ್ಥಾನವನ್ನು ಕೊಟ್ಟಿತು. ಮಧುಕೋಶದ ಭಕ್ತದ್ವೇಷವನ್ನು ಹೋಲಿಸಬೇಕಾದುದು ಇದರೊಡನೆ, ಗಲ್ಲನ ವ್ಯಾಧಿಯೊಡನೆ ಅಲ್ಲ.