ಹಡಗಲಿಯ ಎಂ.ಪಿ. ಪ್ರಕಾಶ್: ಅಧಿಕಾರ ಮತ್ತು ಅದರ ಎಲ್ಲೆ

ಅಧಿಕಾರದಲ್ಲಿದ್ದವರ ಚರಿತ್ರೆಯನ್ನು ಬರೆಯುವಾಗ ಅವರು ಏರಿದ ಪದವಿಗಳನ್ನು ಎಣಿಸುವುದು ರೂಢಿ. ಪದವಿ ಕೈಬಿಟ್ಟ ಮೇಲೆ ಉಳಿದದ್ದೇನು ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದಾಗ ಹೂವಿನ ಹಡಗಲಿಯ ಎಂ.ಪಿ. ಪ್ರಕಾಶ್ (1940–2011) ಅವರ ಸಾರ್ವಜನಿಕ ಜೀವನವು ವಿಚಾರಾರ್ಹವಾದ ಹಲವು ಸಂಗತಿಗಳನ್ನು ತೋರಿಸುತ್ತದೆ.

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳು ಮದ್ರಾಸ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಗರಿಬೊಮ್ಮನಹಳ್ಳಿ ತಾಲ್ಲೂಕೂ ಕೊಟ್ಟೂರು ತಾಲ್ಲೂಕೂ ಆನಂತರ ರೂಪುಗೊಂಡವು. ಈ ಐದು ಪಟ್ಟಣಗಳಲ್ಲಿ ಯಾವುದೂ ಮಹಾನಗರ ಪಾಲಿಕೆಯಲ್ಲ. ಆದ್ದರಿಂದ ಮೇಯರ್ ಎಂಬ ಪದವಿ ಇಲ್ಲಿಲ್ಲ. ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಅಧ್ಯಕ್ಷರೇ ಊರಿನ ಪ್ರಥಮ ಪ್ರಜೆಗಳು. ಆದರೆ ಸಣ್ಣ ಊರುಗಳಲ್ಲಿ ಚರಂಡಿಯಿಂದ ಮೊದಲುಗೊಂಡು ಶಾಲೆಯ ಕಟ್ಟಡದವರೆಗೆ ಜನರ ಅಹವಾಲುಗಳು ಕೊನೆಗೆ ಶಾಸಕರ ಮನೆಯ ಬಾಗಿಲನ್ನೇ ತಲುಪುತ್ತವೆ. ಹೀಗಾಗಿ ಊರಿನ ಹಿರಿಯನ ಸ್ಥಾನವೂ ಶಾಸಕನ ಸ್ಥಾನವೂ ಇಲ್ಲಿ ಒಂದರೊಳಗೊಂದು ಬೆರೆತಿವೆ.

ವೃತ್ತಿಯಿಂದ ವಕೀಲರಾಗಿದ್ದ ಪ್ರಕಾಶ್ ಅವರು 1983ರಲ್ಲಿ ಜನತಾ ಪಕ್ಷದಿಂದ ಹಡಗಲಿಯ ಶಾಸಕರಾದರು. ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚನೆಯಾದ ವರ್ಷವದು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಅವರು ಸಚಿವರೂ ಆದರು. 1989ರಲ್ಲಿ ಅದೇ ಕ್ಷೇತ್ರದಲ್ಲಿ ಸೋತರು. 1994ರಲ್ಲಿ ಮತ್ತೆ ಗೆದ್ದರು. ಆ ಬಳಿಕ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಅವರ ಪಾಲಿಗೆ ಬಂದಿತು. 1993ರ ಪಂಚಾಯತ್ ರಾಜ್ ಅಧಿನಿಯಮವು ಜಾರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಮೇಲಿನವರು ತಮ್ಮ ಅಧಿಕಾರವನ್ನು ಕೆಳಗಿನವರಿಗೆ ಹಂಚಿಕೊಡಬೇಕೆಂಬುದೇ ಆ ಕಾನೂನಿನ ತಿರುಳು. ಹಂಚಿಕೊಟ್ಟಷ್ಟೂ ತನ್ನ ಕೈ ಬರಿದಾಗುವ ಇಂಥ ಖಾತೆಯನ್ನು ನಿರ್ವಹಿಸುವವನಿಗೆ ಸಂಯಮ ಬೇಕಾಗುತ್ತದೆ.

2004ರಲ್ಲಿ ಜನತಾದಳದಿಂದ (ಜಾತ್ಯತೀತ) ಗೆದ್ದ ಅವರು 2005ರಲ್ಲಿ ಉಪಮುಖ್ಯಮಂತ್ರಿಗಳಾದರು. 2006ರಲ್ಲಿ ಸರ್ಕಾರ ಬದಲಾದಾಗ ಹೊಸ ಸಂಪುಟದಲ್ಲಿ ಗೃಹಸಚಿವರಾದರು. ಇಪ್ಪತ್ತು ತಿಂಗಳ ಅನಂತರ ಮಿತ್ರಪಕ್ಷಕ್ಕೆ ಅಧಿಕಾರವನ್ನು ಬಿಟ್ಟುಕೊಡಬೇಕೆಂಬುದು ಆ ಸರ್ಕಾರದ ಒಡಂಬಡಿಕೆ. 2007ರ ಅಕ್ಟೋಬರಿನಲ್ಲಿ ಅದು ಮುರಿದುಬಿದ್ದಿತು. ಪ್ರಕಾಶ್ ಅವರು ಪಕ್ಷವನ್ನು ತೊರೆದು ಕಾಂಗ್ರೆಸ್ಸನ್ನು ಸೇರಿದರು. ಎರಡು ದಶಕಗಳಿಗೂ ಹೆಚ್ಚು ಕಾಲ ಯಾವ ಪಕ್ಷದ ಎದುರು ನಿಂತು ರಾಜಕಾರಣ ಮಾಡಿದ್ದರೋ ಅದೇ ಪಕ್ಷಕ್ಕೆ ಹೋದದ್ದು ಸರಿಯೇ ಎಂಬ ಪ್ರಶ್ನೆಯನ್ನು ಅವರ ಚರಿತ್ರೆಯನ್ನು ಬರೆಯುವವರು ಮರೆಮಾಚಲಾಗದು. ಸಜ್ಜನರ ಬದುಕಿನಲ್ಲಿಯೂ ಇಂಥ ಸಂದಿಗ್ಧಗಳುಂಟು.

ಇದೇ ವೇಳೆಗೆ ಕ್ಷೇತ್ರ ಪುನರ್ವಿಂಗಡಣೆಯಾಗಿ ಹಡಗಲಿಯು ಪರಿಶಿಷ್ಟ ಜಾತಿಗೆ ಮೀಸಲಾಯಿತು. ಕಾಲು ಶತಮಾನದ ಒಡನಾಟವಿದ್ದ ಕ್ಷೇತ್ರವು ಒಂದು ಆದೇಶದಿಂದ ಅವರದಲ್ಲದಾಯಿತು. ಇದರಲ್ಲಿ ಅನ್ಯಾಯವಿಲ್ಲ, ಬಹುಕಾಲ ಅವಕಾಶವಂಚಿತರಾದವರಿಗೆ ಸ್ಥಾನ ದೊರೆಯಲೆಂದೇ ಮೀಸಲಾತಿ ಇರುವುದು. ಅವರು 2008ರಲ್ಲಿ ನೆರೆಯ ಹರಪನಹಳ್ಳಿಯಿಂದ ಸ್ಪರ್ಧಿಸಿ ಪರಾಭವಗೊಂಡರು. 2011ರ ಫೆಬ್ರವರಿ 9ರಂದು ನಿಧನರಾದರು.

ಹರಪನಹಳ್ಳಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರವು ದಾವಣಗೆರೆ ಜಿಲ್ಲೆಯನ್ನು ರಚಿಸಿದಾಗ ಈ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ಅಲ್ಲಿಗೆ ಸೇರಿಸಲಾಗಿತ್ತು. ಪ್ರಕಾಶ್ ಅವರೂ ಆ ಸರ್ಕಾರದಲ್ಲಿದ್ದರು. ಮುಂದೆ ಸಂವಿಧಾನದ 371(ಜೆ) ವಿಧಿಯ ಮೂಲಕ ಬಳ್ಳಾರಿಯೂ ಸೇರಿದಂತೆ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣ, ಉದ್ಯೋಗಗಳಲ್ಲಿ ವಿಶೇಷ ಸೌಲಭ್ಯ ಬಂದಾಗ ಹರಪನಹಳ್ಳಿಯ ಮಕ್ಕಳು ಅದರಿಂದ ಹೊರಗುಳಿದರು. 1997ರಲ್ಲಿ ಇದನ್ನು ಯಾರೂ ಊಹಿಸಿರಲಿಲ್ಲ. 2013ರಲ್ಲಿ ಅಲ್ಲಿಂದ ಶಾಸಕರಾದ ಅವರ ಪುತ್ರ ಎಂ.ಪಿ. ರವೀಂದ್ರ ಅವರು ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸಬೇಕೆಂಬ ಜನರ ಬೇಡಿಕೆಗೆ ದನಿಯಾದರು. 2018ರಲ್ಲಿ ಅದು ಈಡೇರಿತು. ಅದೇ ವರ್ಷ ಚುನಾವಣೆಯಲ್ಲಿ ಸೋತು, ವರ್ಷ ಮುಗಿಯುವ ಮೊದಲೇ ಅವರು ತೀರಿಕೊಂಡರು. 2021ರಲ್ಲಿ ಈ ಎಲ್ಲ ತಾಲ್ಲೂಕುಗಳೂ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು.

ಒಂದು ಪೀಳಿಗೆ ಎಳೆದ ಗೆರೆಯನ್ನು ಮತ್ತೊಂದು ಪೀಳಿಗೆ ಅಳಿಸಬೇಕಾಗಿ ಬಂದುದನ್ನು ಇಲ್ಲಿ ಕಾಣಬಹುದು. ಒಳ್ಳೆಯ ಉದ್ದೇಶದಿಂದ ಕೈಗೊಂಡ ನಿರ್ಧಾರದ ಫಲವನ್ನೂ ಮುಂದಿನವರು ಉಣ್ಣಬೇಕಾಗುತ್ತದೆ. ಆದಕಾರಣ ಅಧಿಕಾರದಲ್ಲಿರುವವರಿಗೆ ಸದುದ್ದೇಶದ ಜೊತೆಗೆ ಎಚ್ಚರವೂ, ತಿದ್ದಿಕೊಳ್ಳುವ ಮನಸ್ಸೂ ಅವಶ್ಯಕ.

ಪ್ರಕಾಶ್ ಅವರು ರಂಗಾಸಕ್ತರೂ ಸಾಹಿತ್ಯಪ್ರಿಯರೂ ಆಗಿದ್ದರು. ಹಡಗಲಿಯಂಥ ಸಣ್ಣ ಊರಿನಲ್ಲಿ ರಂಗಭಾರತಿ ಎಂಬ ನಾಟಕ ಸಂಸ್ಥೆಯನ್ನು ಕಟ್ಟಿದರು. ಹಂಪಿ ಉತ್ಸವದ ಆರಂಭಕ್ಕೆ ಕಾರಣರಾದವರೆಂದು ನಾಡು ಅವರನ್ನು ಸ್ಮರಿಸುತ್ತದೆ. ಖಾತೆಗಳು ಕೈಬದಲಾದವು, ಕ್ಷೇತ್ರ ಬೇರೆಯವರಿಗೆ ಸಂದಿತು, ಜಿಲ್ಲೆಯ ಹೆಸರೇ ಬೇರೆಯಾಯಿತು. ಉತ್ಸವವಾದರೋ ಯಾವ ಪಕ್ಷದ ಸರ್ಕಾರವಿದ್ದರೂ ನಡೆದುಬಂದಿದೆ.

ಶಾಸನಸಭೆಗೆ ಅನ್ವಯಿಸುವ ಈ ಮಾತು ದೇವಾಲಯದ ಆಡಳಿತ ಮಂಡಳಿಗೂ, ವಿದ್ಯಾಸಂಸ್ಥೆಗೂ, ಕುಟುಂಬದ ಹಿರಿತನಕ್ಕೂ ಅನ್ವಯಿಸುತ್ತದೆ. ಸ್ಥಾನವೆಂಬುದು ಕಾಪಿಡಲು ಕೊಟ್ಟ ಒತ್ತೆಯ ವಸ್ತು. ಅದನ್ನು ಹಿಂದಿರುಗಿಸುವ ದಿನ ಬಂದೇ ಬರುತ್ತದೆ. ತಾನಿಲ್ಲದೆಯೂ ನಡೆಯಬಲ್ಲ ಒಂದು ಒಳ್ಳೆಯ ಕೆಲಸವನ್ನು ಆ ದಿನಕ್ಕೆ ಮುನ್ನ ನೆಲೆಗೊಳಿಸುವುದು ಸ್ಥಾನದಲ್ಲಿರುವವರ ಕರ್ತವ್ಯ.