ಗೋವಾದ ಶಾಲಾ ಕಟ್ಟಡಗಳು ಮತ್ತು ಊರಿನ ಬಳಕೆ

ಗೋವಾದಲ್ಲಿ ಶಾಲೆಗೆಂದೇ ಕಟ್ಟಡ ಏಳುವ ಮುನ್ನ, ಊರು ಅದಾಗಲೇ ಬಳಸುತ್ತಿದ್ದ ಕಟ್ಟಡಗಳಲ್ಲೇ ಪಾಠ ನಡೆಯುತ್ತಿತ್ತು. ಪೋರ್ಚುಗೀಸರ ಆಳ್ವಿಕೆಯಲ್ಲಿ, 16ನೇ ಶತಮಾನದಿಂದ, ಇಗರ್ಜಿಗಳ ಆಶ್ರಯದಲ್ಲಿ ಪ್ಯಾರಿಷ್ ಶಾಲೆಗಳು ಬೆಳೆದವು. ಓದು, ಬರಹ, ಧರ್ಮಬೋಧೆಯ ಜೊತೆಗೆ ಸ್ವರಲಿಪಿ, ಗಾಯನ, ಪಿಟೀಲುಗಳನ್ನೂ ಅಲ್ಲಿ ಕಲಿಸುತ್ತಿದ್ದರು. ಕಲಿತವರು ಹಬ್ಬ, ಮದುವೆ, ಶವಸಂಸ್ಕಾರಗಳಲ್ಲಿ ನುಡಿಸಬೇಕಾಗಿದ್ದರಿಂದ ಪಾಠದ ಫಲ ನೇರ ಊರಿಗೇ ಸಲ್ಲುತ್ತಿತ್ತು. ಇಂಥ ವಾತಾವರಣದಲ್ಲಿ ಬೆಳೆದು ಮುಂಬಯಿಯ ಚಿತ್ರಸಂಗೀತದಲ್ಲಿ ಹೆಸರು ಮಾಡಿದ ಪಿಟೀಲುವಾದಕ ಆಂಥೊನಿ ಗೊನ್ಸಾಲ್ವಿಸ್ (ಜನನ 1927) ಮಜೋರ್ಡಾದವರು. ಅವರ ತಂದೆ ಅಲ್ಲಿನ ಇಗರ್ಜಿಯ ಗಾಯನ ಮಂಡಳಿಯ ಮೇಷ್ಟ್ರು.

ಹಿಂದೂ ಮಕ್ಕಳ ಮರಾಠಿ ಪಾಠ ದೇವಸ್ಥಾನದ ಆವರಣದಲ್ಲೋ ಉಳ್ಳವರ ಮನೆಯ ಜಗಲಿಯಲ್ಲೋ ಸಾಗುತ್ತಿತ್ತು. 1910ರಲ್ಲಿ ಪೋರ್ಚುಗಲ್ ಗಣರಾಜ್ಯವಾಗಿ ಧಾರ್ಮಿಕ ನಿರ್ಬಂಧಗಳು ಸಡಿಲವಾದ ಮೇಲೆ ಸಾರ್ವಜನಿಕ ಸಂಸ್ಥೆಗಳು ತಲೆಯೆತ್ತಿದವು. 1911ರಲ್ಲಿ ಫೋಂಡಾದಲ್ಲಿ ಗೋವಾ ವಿದ್ಯಾಪ್ರಸಾರಕ ಮಂಡಳ ಸ್ಥಾಪನೆಯಾಯಿತು. ಮಡಗಾಂವದ ಗೋಮಂತ ವಿದ್ಯಾ ನಿಕೇತನ ಗ್ರಂಥಾಲಯ, ಉಪನ್ಯಾಸ, ನಾಟಕಗಳಿಂದ ದೊಡ್ಡವರನ್ನೂ ಸೆಳೆಯಿತು. ಹೀಗೆ ಶಾಲೆಯ ಗ್ರಂಥಾಲಯ, ಸಭಾಂಗಣಗಳನ್ನು ಊರವರಿಗೂ ಒದಗುವಂತೆ ಕಟ್ಟಬೇಕೆಂದು ಶಿಕ್ಷಣಾಧಿಕಾರಿ ಹೆನ್ರಿ ಮಾರಿಸ್ ಇಂಗ್ಲೆಂಡಿನ ಕೇಂಬ್ರಿಜ್‌ಶೈರಿನಲ್ಲಿ ವಾದಿಸಿದ್ದು 1924ರಲ್ಲಿ. ಅವನ ಮೊದಲ 'ಗ್ರಾಮ ಕಾಲೇಜು' ಸಾಸ್ಟನ್‌ನಲ್ಲಿ ತೆರೆದದ್ದು 1930ರಲ್ಲಿ. ಗೋವಾದವರಿಗೆ ಅಂಥ ಸಿದ್ಧಾಂತವೇನೂ ಬೇಕಾಗಿರಲಿಲ್ಲ, ಜಾಗದ ಅಭಾವವೇ ಸಾಕಾಗಿತ್ತು.

1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಳ್ವಿಕೆಯಿಂದ ವಿಮೋಚನೆಯಾದ ನಂತರ, ಮುಖ್ಯವಾಗಿ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರರ ಸರ್ಕಾರದ ಕಾಲದಲ್ಲಿ, ಹಳ್ಳಿಹಳ್ಳಿಗೂ ಪ್ರಾಥಮಿಕ ಶಾಲೆ ಬಂತು. ಮೊದಮೊದಲು ಅನೇಕವು ಬಾಡಿಗೆ ಮನೆಗಳಲ್ಲೇ ನಡೆದವು. ಆಮೇಲೆ ಕಟ್ಟಿದವು ಸರಳ: ಒಂದೆರಡು ಕೋಣೆ, ಮುಂದೊಂದು ಜಗಲಿ, ಇಳಿಜಾರು ಹೆಂಚಿನ ಮಾಡು, ಜಂಬಿಟ್ಟಿಗೆಯ ಗೋಡೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಜಗಲಿ ಅಲಂಕಾರವಲ್ಲ. ಮಕ್ಕಳ ಆಟ, ಪೋಷಕರ ಸಭೆ, ಚುನಾವಣೆಯ ದಿನ ಮತದಾರರ ಸಾಲು, ಎಲ್ಲಕ್ಕೂ ಅದೇ ಆಸರೆ. ಆದರೆ ಊರಿನ ಬಳಕೆಯನ್ನು ಲೆಕ್ಕಕ್ಕೆ ಹಿಡಿದು ನಕ್ಷೆ ಬರೆದದ್ದು ಕಡಿಮೆ. ಸಭಾಂಗಣವಿದ್ದ ಕಡೆಯೂ ಅದಕ್ಕೆ ಬೇರೆ ಬಾಗಿಲಿಲ್ಲ, ಹೊರಗಿನವರಿಗೆ ಶೌಚಾಲಯವಿಲ್ಲ. ತರಗತಿಗಳ ಬೀಗ ತೆಗೆಯದೆ ಸಂಜೆ ಒಂದು ಸಭೆ ಸೇರುವುದೂ ಕಷ್ಟ.

ಇತ್ತೀಚಿನ ದಶಕಗಳಲ್ಲಿ ಮಕ್ಕಳ ಸಂಖ್ಯೆ ಕುಸಿದು ಹಲವು ಸರ್ಕಾರಿ ಪ್ರಾಥಮಿಕ ಶಾಲೆಗಳು ಮುಚ್ಚಿವೆ. ಖಾಲಿಯಾದ ಕಟ್ಟಡಗಳನ್ನು ಯಾವ ಕೆಲಸಕ್ಕೆ, ಯಾರಿಗೆ ಕೊಡಬೇಕೆಂಬುದು ಈಗ ಪಂಚಾಯತಿಗಳಲ್ಲೂ ಚರ್ಚೆಯಾಗುವ ವಿಷಯ.