ಕುರ್ಲಾದಿಂದ ಹೊರಟ ಕೊನೆಯ ಡಿಸಿ ಲೋಕಲ್

2016ರ ಏಪ್ರಿಲ್ 9ರ ತಡರಾತ್ರಿ ಮುಂಬಯಿಯ ಕುರ್ಲಾ ನಿಲ್ದಾಣದಿಂದ ಸಿ.ಎಸ್.ಟಿ.ಯತ್ತ ಒಂದು ಲೋಕಲ್ ಹೊರಟಿತು. ಹಾರ್ಬರ್ ಮಾರ್ಗದಲ್ಲಿ 1,500 ವೋಲ್ಟ್ ಡಿಸಿ ವಿದ್ಯುತ್ತಿನಿಂದ ಓಡಿದ ಕೊನೆಯ ರೈಲು ಅದು. 91 ವರ್ಷಗಳ ಹಿಂದೆ, 1925ರ ಫೆಬ್ರವರಿ 3ರಂದು, ಭಾರತದ ಮೊದಲ ವಿದ್ಯುತ್ ರೈಲು ಓಡಿದ್ದೂ ಇವೇ ಎರಡು ನಿಲ್ದಾಣಗಳ ನಡುವೆ. ಆಗ ಅದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಬಂದಿತ್ತು. ದೂರ ಸುಮಾರು 16 ಕಿಲೋಮೀಟರ್.

1925ರಲ್ಲಿ ಡಿಸಿಯನ್ನು ಆರಿಸಿದವರು ತಪ್ಪು ಮಾಡಲಿಲ್ಲ. ಡಿಸಿ ಮೋಟಾರು ನಿಂತಲ್ಲಿಂದಲೇ ಬಲವಾಗಿ ಎಳೆಯುತ್ತಿತ್ತು, ಅದರ ವೇಗವನ್ನು ಹಿಡಿತದಲ್ಲಿಡುವುದೂ ಸುಲಭ. ಎಸಿ ವಿದ್ಯುತ್ತನ್ನು ರೈಲಿನೊಳಗೇ ಪರಿವರ್ತಿಸಿಕೊಳ್ಳುವ ನಂಬಿಕಸ್ಥ ಉಪಕರಣ ಆಗಿನ್ನೂ ಕೈಗೆ ಬಂದಿರಲಿಲ್ಲ. ಬ್ರಿಟನ್ನಿನ ತಜ್ಞರ ಸಮಿತಿಯೂ 1,500 ವೋಲ್ಟ್ ಡಿಸಿಯನ್ನೇ ಶಿಫಾರಸು ಮಾಡಿತ್ತು. ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡಿತು. ಹಾಗಾಗಿಯೇ ಬೆಳೆಯಿತು: 1928ರಲ್ಲಿ ಬೊರಿವಿಲಿಯವರೆಗೆ, ಬಳಿಕ ಘಾಟಿ ಹತ್ತಿ ಪುಣೆ ಮತ್ತು ಇಗತ್‌ಪುರಿಯವರೆಗೆ.

ಖರ್ಚು ನಿಧಾನವಾಗಿ ಕಾಣಿಸಿಕೊಂಡಿತು. ವೋಲ್ಟೇಜ್ ಕಡಿಮೆಯಿದ್ದರೆ ಅಷ್ಟೇ ಶಕ್ತಿಗೆ ಹೆಚ್ಚು ಕರೆಂಟ್ ಹರಿಯಬೇಕು. ಅದಕ್ಕೆ ದಪ್ಪ ತಾಮ್ರದ ತಂತಿ ಬೇಕು, ಕೆಲವೇ ಕಿಲೋಮೀಟರಿಗೊಂದು ಸಬ್‌ಸ್ಟೇಷನ್ ಬೇಕು. ಬೋಗಿಗಳೂ ರೈಲುಗಳೂ ಹೆಚ್ಚಿದಂತೆಲ್ಲ ಈ ಹೊರೆಯೂ ಹೆಚ್ಚಿತು. 1950ರ ದಶಕದ ಕೊನೆಗೆ ಭಾರತೀಯ ರೈಲ್ವೆ 25,000 ವೋಲ್ಟ್ ಎಸಿಯನ್ನು ದೇಶದ ಮಾನದಂಡವಾಗಿ ಒಪ್ಪಿಕೊಂಡಿತು. ಆಗ ಮುಂಬಯಿಯ ಸುತ್ತ ಒಂದು ಗಡಿ ಹುಟ್ಟಿತು. ಅಹಮದಾಬಾದಿನಿಂದ ಎಸಿಯಲ್ಲಿ ಬಂದ ರೈಲು ವಿರಾರ್‌ನಲ್ಲಿ ಡಿಸಿಗೆ ಬದಲಾಗಬೇಕಿತ್ತು. ಅದಕ್ಕೆಂದೇ 1975ರ ಹೊತ್ತಿಗೆ ಎರಡೂ ವಿದ್ಯುತ್ತಿನಲ್ಲಿ ಓಡುವ ಡಬ್ಲ್ಯುಸಿಎಎಂ-1 ಎಂಬ ಎಂಜಿನ್ ತಯಾರಾಯಿತು. ಮುಂದೆ ಲೋಕಲ್‌ಗಳನ್ನೂ ಎರಡೂ ಬಗೆಗೆ ಹೊಂದುವಂತೆ ಕಟ್ಟಬೇಕಾಯಿತು. ಹಳೆಯ ನಿರ್ಧಾರವೊಂದು ಪ್ರತಿ ಹೊಸ ಯಂತ್ರದ ಮೇಲೂ ತನ್ನ ಪಾಲಿನ ಸುಂಕ ಹಾಕುತ್ತಿತ್ತು.

ಮದ್ರಾಸಿನಲ್ಲೂ 1931ರಿಂದ 1,500 ವೋಲ್ಟ್ ಡಿಸಿಯೇ ಇತ್ತು. ಆದರೆ ಅದು ತಾಂಬರಂವರೆಗಿನ ಒಂದೇ ಮಾರ್ಗ. 1960ರ ದಶಕದಲ್ಲೇ ಎಸಿಗೆ ಬದಲಾಯಿತು. ಮುಂಬಯಿಯಲ್ಲಿ ಅದೇ ಕೆಲಸ ಅರ್ಧ ಶತಮಾನ ತಡವಾಯಿತು. ಇಲ್ಲಿ ಡಿಸಿಯನ್ನು ನಂಬಿ ದಿನವೂ ಲಕ್ಷಾಂತರ ಜನ ಕೆಲಸಕ್ಕೆ ಹೋಗುತ್ತಿದ್ದರು. ರೈಲು ನಿಲ್ಲಿಸದೆ, ರಾತ್ರಿಯ ಕೆಲವೇ ಗಂಟೆಗಳ ಬಿಡುವಿನಲ್ಲಿ ಕೆಲಸ ಸಾಗಬೇಕಿತ್ತು. ಹಳೆಯ ಮೇಲ್ಸೇತುವೆಗಳ ಕೆಳಗೆ 25,000 ವೋಲ್ಟ್ ತಂತಿಗೆ ಬೇಕಾದಷ್ಟು ಅಂತರ ಸಿಗದೆ ಕೆಲವೆಡೆ ಹಳಿಗಳನ್ನೇ ತಗ್ಗಿಸಬೇಕಾಯಿತು. ಪಶ್ಚಿಮ ರೈಲ್ವೆಯ ಬದಲಾವಣೆ 2012ರಲ್ಲಿ ಮುಗಿಯಿತು, ಮಧ್ಯ ರೈಲ್ವೆಯ ಮುಖ್ಯ ಮಾರ್ಗದ್ದು 2015ರಲ್ಲಿ, ಹಾರ್ಬರ್‌ನದ್ದು 2016ರಲ್ಲಿ.

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಬರೆಯುವವರಿಗೆ ಈ ಕಥೆ ಹೊಸದೆನಿಸದು. ಯಂತ್ರಕ್ಕೂ ಉಳಿದೆಲ್ಲ ಪ್ರೋಗ್ರಾಂಗಳಿಗೂ ನಡುವೆ ನಿಲ್ಲುವ ಕರ್ನಲ್ ಕೂಡ ಹಳಿ, ತಂತಿಗಳಂಥದ್ದೇ. ಲಿನಕ್ಸ್ ಕರ್ನಲ್‌ನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಒಳಗೆ ಏನು ಬೇಕಾದರೂ ಬದಲಾಗಲಿ, ಮೇಲೆ ಓಡುತ್ತಿರುವ ಪ್ರೋಗ್ರಾಂ ಕೆಡಬಾರದು. ಹಾಗಾಗಿ ಒಮ್ಮೆ ಹೊರಗಿನವರಿಗೆ ಕೊಟ್ಟ ಸೌಲಭ್ಯವನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ಲಿನಕ್ಸ್ 1991ರಲ್ಲಿ ಹುಟ್ಟಿದ್ದೇ ಇಂಟೆಲ್ 386 ಪ್ರೊಸೆಸರಿನ ಮೇಲೆ. ಮುಂದೆ ಬಂದ ಪ್ರೊಸೆಸರುಗಳಲ್ಲಿದ್ದ ಕೆಲವು ಸೂಚನೆಗಳು 386ರಲ್ಲಿ ಇರಲಿಲ್ಲವಾದ್ದರಿಂದ ಅದಕ್ಕೊಂದು ಬೇರೆ ದಾರಿಯನ್ನು ವರ್ಷಗಟ್ಟಲೆ ಕಾಯ್ದುಕೊಂಡು ಬರಬೇಕಾಯಿತು. ಅದನ್ನು ಬಳಸುವವರು ಹೆಚ್ಚುಕಡಿಮೆ ಇಲ್ಲವಾದ ಮೇಲೆ, 2012ರ ಡಿಸೆಂಬರಿನಲ್ಲಿ, ಆ ಬೆಂಬಲವನ್ನು ತೆಗೆದುಹಾಕಿದರು. ಡಿಸಿಯ ಹಾಗೆ ಅಲ್ಲೂ ಆರಂಭದ ಆಯ್ಕೆ ತಪ್ಪಾಗಿರಲಿಲ್ಲ. ಕಾಲ ಕಳೆದಂತೆ ದುಬಾರಿಯಾಯಿತು, ಅಷ್ಟೆ.

ಹೊಸದನ್ನು ಸೇರಿಸುವ ದಿನ ಲೆಕ್ಕಕ್ಕೆ ಸಿಗುವುದು ಕಟ್ಟುವ ಖರ್ಚು ಮಾತ್ರ. ಸಾಕುವ ಖರ್ಚು ಮುಂದಿನವರದು. ತೆಗೆಯುವ ಖರ್ಚು ಅದರ ಮೇಲೆ ಎಷ್ಟು ಜನ ನಿಂತಿದ್ದಾರೆ ಎನ್ನುವುದಕ್ಕೆ ತಕ್ಕಂತೆ ಬೆಳೆಯುತ್ತದೆ. ಮದ್ರಾಸಿಗೂ ಮುಂಬಯಿಗೂ ಇದ್ದ ವ್ಯತ್ಯಾಸ ಇದೇ. ಈಗ ಕುರ್ಲಾದ ಹಳಿಗಳ ಮೇಲಿರುವ 25,000 ವೋಲ್ಟಿನ ತಂತಿಗೂ ಅದೇ ಲೆಕ್ಕ ಶುರುವಾಗಿದೆ.